ಶಿಲುಬೆಯ ಬಳಿಯ ನಗೆ: ಒಂದು ಜಿಜ್ಞಾಸೆ

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಎಂಬ ಊರಿನ ಸಮೀಪದಲ್ಲಿ ದೊರೆತ 13 ಪ್ರಾಚೀನ ಹೊತ್ತಗೆಗಳು ಆದಿಕಾಲದ ಕ್ರೈಸ್ತಧರ್ಮದ ಇತಿಹಾಸವನ್ನು ಹೊಸದಾಗಿ ಪರಿಶೀಲಿಸುವಂತೆ ಮಾಡಿದವು. ಗ್ರೀಕಿನಿಂದ ಕಾಪ್ಟಿಕ್ ಭಾಷೆಗೆ ಅನುವಾದಗೊಂಡ ಈ ಕೃತಿಗಳಲ್ಲಿ ಬಹುಪಾಲು ಗ್ನಾಸ್ಟಿಕ್ ಪಂಥದವು. ‘ಗ್ನೋಸಿಸ್’ ಎಂಬ ಗ್ರೀಕ್ ಪದವೂ ನಮ್ಮ ‘ಜ್ಞಾನ’ವೂ ಒಂದೇ ಧಾತುಮೂಲದವು. ಅರಿವಿನಿಂದಲೇ ಬಿಡುಗಡೆ ಎಂಬುದು ಈ ಪಂಥೀಯರ ನಿಲುವು.

ಇವುಗಳಲ್ಲಿ 7ನೆಯ ಹೊತ್ತಗೆಯ ಎರಡು ಪ್ರಸಂಗಗಳು ಯಾವ ಓದುಗನನ್ನಾದರೂ ತಬ್ಬಿಬ್ಬುಗೊಳಿಸುತ್ತವೆ. ‘ಮಹಾ ಸೇತನ ದ್ವಿತೀಯ ಪ್ರಬಂಧ’ದಲ್ಲಿ ಕ್ರಿಸ್ತನೇ ಮಾತನಾಡುತ್ತಾನೆ. ಕಹಿಯನ್ನು ಕುಡಿದವನು ಬೇರೊಬ್ಬ, ಮುಳ್ಳಿನ ಕಿರೀಟ ಧರಿಸಿದವನು ಬೇರೊಬ್ಬ, ಶಿಲುಬೆ ಹೊತ್ತವನು ಸೀಮೋನ. ತಾನಾದರೋ ಮೇಲಿನಿಂದ ಅವರ ಅಜ್ಞಾನವನ್ನು ಕಂಡು ನಗುತ್ತಿದ್ದೆನೆನ್ನುತ್ತಾನೆ. ‘ಪೇತ್ರನ ಪ್ರಕಟನೆ’ಯಲ್ಲಿಯೂ ಒಬ್ಬನನ್ನು ಮೊಳೆಗಳಿಂದ ಜಡಿಯುತ್ತಿರಲು ಇನ್ನೊಬ್ಬನು ಶಿಲುಬೆಯ ಮೇಲ್ಗಡೆ ನಗುತ್ತಿರುವುದನ್ನು ಪೇತ್ರನು ಕಾಣುತ್ತಾನೆ.

ನಿರಪರಾಧಿಯಾದ ಸೀಮೋನನನ್ನು ಸಾವಿಗೊಪ್ಪಿಸಿ ಗುರುವು ನಕ್ಕನೇ? ಸುಮಾರು ಕ್ರಿ.ಶ. 180ರಲ್ಲಿ ಲಿಯಾನ್‌ನ ಬಿಷಪ್ ಇರೆನೇಯಸ್, ಬೆಸಿಲಿಡಿಸ್ ಎಂಬ ಗ್ನಾಸ್ಟಿಕ್ ಆಚಾರ್ಯನ ಬೋಧೆ ಹೀಗೆಯೇ ಇತ್ತೆಂದು ಬರೆದು ಖಂಡಿಸಿದ್ದಾನೆ. ಆದರೆ ಪ್ರತಿಪಕ್ಷದವರ ಮಾತಿನಿಂದಲೇ ಮೂಲದ ಅರ್ಥವನ್ನು ನಿರ್ಣಯಿಸಲಾಗದು. ಮೇಲ್ಕಂಡ ಪ್ರಬಂಧದಲ್ಲಿ ಸೀಮೋನನ ಹೆಸರು ಬರುವುದು ಶಿಲುಬೆ ಹೊತ್ತ ಮಾತಿನಲ್ಲಿ ಮಾತ್ರ. ಅವನೇ ಸತ್ತನೆಂದು ಅಲ್ಲಿ ಸ್ಪಷ್ಟವಾಗಿ ಹೇಳಿಲ್ಲ. ಮೇಲಾಗಿ, ಕ್ರಿಸ್ತನು ದೇಹವೆಂಬ ಮನೆಯನ್ನು ಹೊಕ್ಕು ಅದರಲ್ಲಿ ಮೊದಲಿದ್ದವನನ್ನು ಹೊರಹಾಕಿದನೆಂಬ ಮಾತು ಅದೇ ಕೃತಿಯಲ್ಲಿ ಮುಂಚೆಯೇ ಬಂದಿದೆ. ಆದುದರಿಂದ ‘ಬೇರೊಬ್ಬ’ನೆಂದರೆ ಆ ದೇಹವೇ ಎಂದು ಗ್ರಹಿಸಲು ಅವಕಾಶವುಂಟು. ‘ಪೇತ್ರನ ಪ್ರಕಟನೆ’ ಇದನ್ನು ಇನ್ನಷ್ಟು ವಿಶದಪಡಿಸುತ್ತದೆ: ನಗುವವನು ಜೀವಂತ ಯೇಸು, ಮೊಳೆಗೆ ಸಿಕ್ಕಿದ್ದು ಆತನ ಮಾಂಸಮಯ ಅಂಶ. ಆ ನಗೆ ನೋಯುವವನನ್ನು ಕುರಿತದ್ದಲ್ಲ. ಕೊಂದೆವೆಂದು ಬೀಗುವವರ ಕುರುಡುತನವನ್ನು ಕುರಿತದ್ದು. ಭೂರಾಜರ ಒಳಸಂಚನ್ನು ಕಂಡು ಪರಲೋಕದಲ್ಲಿರುವಾತನು ನಗುವನೆಂಬ 2ನೆಯ ಕೀರ್ತನೆಯ ಭಾವ ಇದರ ಹಿನ್ನೆಲೆಯಲ್ಲಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ಹೀಗೆ ಅರ್ಥೈಸಿದರೂ ಪ್ರಶ್ನೆ ಪೂರ್ತಿಯಾಗಿ ಪರಿಹಾರವಾಗದು. 2ನೆಯ ಶತಮಾನದ ಆದಿಭಾಗದಲ್ಲಿ, ಮೃಗಗಳಿಗೆ ಆಹುತಿಯಾಗಲು ರೋಮಿಗೆ ಬಂಧಿಯಾಗಿ ಸಾಗುತ್ತಿದ್ದ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ತನ್ನ ಪತ್ರದಲ್ಲಿ ಇದನ್ನೇ ಎತ್ತಿದ್ದಾನೆ: ಕ್ರಿಸ್ತನ ಯಾತನೆ ಬರಿಯ ತೋರಿಕೆಯಾದರೆ ತಾನೇಕೆ ಸಂಕೋಲೆಯಲ್ಲಿರಬೇಕು? ಒಡೆಯನ ನೋವು ಸತ್ಯವಾಗಿದ್ದರಷ್ಟೇ ಭಕ್ತನ ನೋವಿಗೆ ಅರ್ಥವೆಂಬುದು ಅವನ ವಾದ. ‘ಪೇತ್ರನ ಪ್ರಕಟನೆ’ಯಾದರೋ, ಸತ್ತವನ ಹೆಸರಿಗೆ ಅಂಟಿಕೊಂಡವರನ್ನು ಟೀಕಿಸುತ್ತದೆ.

ಗ್ನಾಸ್ಟಿಕರೆಲ್ಲರದೂ ಒಂದೇ ಮತವಾಗಿರಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಇದೇ ಸಂಗ್ರಹದ ‘ಸತ್ಯದ ಸುವಾರ್ತೆ’ ಯೇಸುವನ್ನು ಮರಕ್ಕೆ ಜಡಿದುದನ್ನು ಗೌರವದಿಂದಲೇ ಹೇಳುತ್ತದೆ. 7ನೆಯ ಹೊತ್ತಗೆಯ ರಟ್ಟಿನೊಳಗಿನ ಹಳೆಯ ಕಾಗದಗಳಲ್ಲಿ ಕ್ರಿ.ಶ. 348ರ ದಿನಾಂಕವಿರುವುದರಿಂದ ಅದನ್ನು ಕಟ್ಟಿದ್ದು ಆ ಬಳಿಕವೇ. ಅಂದರೆ ರೋಮನ್ ಸಾಮ್ರಾಟರು ಕ್ರೈಸ್ತರಾದ ಮೇಲೆಯೂ ಈ ನಗೆಯ ಪ್ರಸಂಗಗಳನ್ನು ಯಾರೋ ಶ್ರದ್ಧೆಯಿಂದ ಪ್ರತಿಮಾಡಿ ಕಾಪಾಡಿದರು. ಅವರನ್ನು ನಿರ್ದಯರೆಂದು ತಳ್ಳಿಹಾಕುವ ಮುನ್ನ, ಸಾವಿಗೆ ವಶವಾಗದುದೊಂದು ಮನುಷ್ಯನಲ್ಲಿ ಉಂಟೆಂಬ ಅವರ ನಂಬುಗೆಯನ್ನು ಅರಿಯಬೇಕು. ಅರಿತ ಬಳಿಕವೂ ಇಗ್ನೇಷಿಯಸನ ಪ್ರಶ್ನೆಯನ್ನು ಬಿಡಲಾಗದು.