ಲಿನಕ್ಸ್ ಕರ್ನಲ್‌ನಿಂದ ಸ್ವಾಮ್ಯದ ಫರ್ಮ್‌ವೇರ್ ತೆಗೆಯುವಿಕೆ: ಬಳಕೆದಾರರಿಗೆ ಮಾಹಿತಿ

1. ಪೀಠಿಕೆ

ಗಣಕಯಂತ್ರದ ಯಂತ್ರಾಂಶವನ್ನೂ ಅದರ ಮೇಲೆ ನಡೆಯುವ ತಂತ್ರಾಂಶಗಳನ್ನೂ ನಿರ್ವಹಿಸುವ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ ಭಾಗಕ್ಕೆ ಕರ್ನಲ್ ಎಂದು ಹೆಸರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನಲ್ 1992ರಿಂದ ಗ್ನೂ ಸಾರ್ವಜನಿಕ ಪರವಾನಗಿಯ ಅಡಿಯಲ್ಲಿ ಲಭ್ಯವಿದೆ. ಬಳಸುವ, ಅಧ್ಯಯನ ಮಾಡುವ, ಹಂಚುವ ಮತ್ತು ಮಾರ್ಪಡಿಸುವ ಹಕ್ಕುಗಳನ್ನು ಈ ಪರವಾನಗಿಯು ಬಳಕೆದಾರರಿಗೆ ನೀಡುತ್ತದೆ. ಆದಾಗ್ಯೂ, ಸದರಿ ಕರ್ನಲ್‌ನೊಂದಿಗೆ ಕೆಲಸ ಮಾಡುವ ಅನೇಕ ಫರ್ಮ್‌ವೇರ್ ಕಡತಗಳಿಗೆ ಈ ಹಕ್ಕುಗಳು ಅನ್ವಯಿಸುವುದಿಲ್ಲ. ಅಂತಹ ಕಡತಗಳನ್ನು ತೆಗೆಯುವ ಕ್ರಮ ಹಾಗೂ ಅದರಿಂದ ಬಳಕೆದಾರರಿಗೆ ಆಗುವ ಪರಿಣಾಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ಫರ್ಮ್‌ವೇರ್ ಎಂದರೇನು?

ನಿಸ್ತಂತು ಜಾಲದ (ವೈ-ಫೈ) ಕಾರ್ಡ್, ಗ್ರಾಫಿಕ್ಸ್ ಕಾರ್ಡ್ ಮುಂತಾದ ಸಾಧನಗಳ ಒಳಗೆ ಪ್ರತ್ಯೇಕವಾದ ಚಿಕ್ಕ ಸಂಸ್ಕಾರಕ ಇರುತ್ತದೆ. ಅದರ ಮೇಲೆ ನಡೆಯುವ ತಂತ್ರಾಂಶವೇ ಫರ್ಮ್‌ವೇರ್. ಕೆಲವು ಸಾಧನಗಳಲ್ಲಿ ಇದನ್ನು ಚಿಪ್‌ನಲ್ಲಿಯೇ ಶಾಶ್ವತವಾಗಿ ಅಳವಡಿಸಲಾಗಿರುತ್ತದೆ. ಇತರ ಸಾಧನಗಳಲ್ಲಿ, ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಕರ್ನಲ್ ಒಂದು ಕಡತವನ್ನು ಓದಿ ಸಾಧನಕ್ಕೆ ರವಾನಿಸಬೇಕಾಗುತ್ತದೆ. ತಯಾರಕರು ಇಂತಹ ಕಡತವನ್ನು ಯಥಾವತ್ತಾಗಿ ಹಂಚಲು ಅನುಮತಿ ನೀಡಿದರೂ, ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ನೀಡದಿದ್ದಲ್ಲಿ ಅದು ಸ್ವಾಮ್ಯದ ಫರ್ಮ್‌ವೇರ್ ಎನಿಸುತ್ತದೆ. ಅದರಲ್ಲಿ ದೋಷ ಕಂಡುಬಂದರೆ ತಯಾರಕರ ಹೊರತು ಬೇರೆಯವರು ಸರಿಪಡಿಸುವುದು ಬಹಳ ಕಷ್ಟ.

3. ಹಿನ್ನೆಲೆ

ಹಿಂದೆ ಇಂತಹ ಫರ್ಮ್‌ವೇರ್, ಕರ್ನಲ್‌ನ ಮೂಲ ಸಂಕೇತದ ನಡುವೆಯೇ ಅಂಕಿಗಳ ಉದ್ದನೆಯ ಸಾಲುಗಳ ರೂಪದಲ್ಲಿ ಇರುತ್ತಿತ್ತು. 2008ರಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಕರ್ನಲ್‌ನೊಳಗೇ ಪ್ರತ್ಯೇಕ ಕೋಶಕ್ಕೆ ವರ್ಗಾಯಿಸುವ ಕಾರ್ಯ ನಡೆಯಿತು. 2017ರಲ್ಲಿ ಬಿಡುಗಡೆಯಾದ 4.14ನೇ ಆವೃತ್ತಿಯಲ್ಲಿ ಆ ಕೋಶವನ್ನೇ ಕೈಬಿಡಲಾಯಿತು. ಈಗ ಫರ್ಮ್‌ವೇರ್ ಕಡತಗಳನ್ನು ‘ಲಿನಕ್ಸ್-ಫರ್ಮ್‌ವೇರ್’ ಎಂಬ ಪ್ರತ್ಯೇಕ ಸಂಗ್ರಹದಲ್ಲಿ ಇರಿಸಲಾಗುತ್ತಿದೆ. ಆದರೆ ಆ ಕಡತಗಳನ್ನು ಹೆಸರಿಸಿ ಕೋರುವ ಚಾಲಕ ತಂತ್ರಾಂಶಗಳು (ಡ್ರೈವರ್) ಕರ್ನಲ್‌ನಲ್ಲಿಯೇ ಉಳಿದಿವೆ.

4. ಲಿನಕ್ಸ್-ಲಿಬ್ರೆ ಅನುಸರಿಸುವ ವಿಧಾನ

ಸ್ವಾಮ್ಯದ ಭಾಗಗಳನ್ನು ಪೂರ್ಣವಾಗಿ ತೆಗೆದ ಕರ್ನಲ್‌ಗೆ ‘ಲಿನಕ್ಸ್-ಲಿಬ್ರೆ’ ಎಂದು ಹೆಸರು. ಲ್ಯಾಟಿನ್ ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು 2008ರಿಂದ ನಿರ್ವಹಿಸುತ್ತಾ ಬಂದಿದ್ದು, 2012ರಲ್ಲಿ ಇದು ಗ್ನೂ ಯೋಜನೆಯ ಭಾಗವಾಯಿತು. ಇದರ ಕಾರ್ಯವಿಧಾನ ಈ ಕೆಳಕಂಡಂತಿದೆ:

ಅ) ‘ಡಿಬ್ಲಾಬ್’ ಎಂದು ಕರೆಯಲಾಗುವ ಸ್ವಯಂಚಾಲಿತ ಆದೇಶ ಕಡತಗಳು ಕರ್ನಲ್‌ನ ಮೂಲ ಸಂಕೇತವನ್ನು ಪರಿಶೀಲಿಸಿ, ಮೂಲ ಸಂಕೇತವಿಲ್ಲದ ಅಂಕಿಗಳ ಸಾಲುಗಳನ್ನು ಗುರುತಿಸಿ ತೆಗೆಯುತ್ತವೆ.
ಆ) ಚಾಲಕ ತಂತ್ರಾಂಶಗಳಲ್ಲಿರುವ ಸ್ವಾಮ್ಯದ ಫರ್ಮ್‌ವೇರ್ ಕಡತಗಳ ಹೆಸರುಗಳನ್ನು ಅಳಿಸಲಾಗುತ್ತದೆ.
ಇ) ಫರ್ಮ್‌ವೇರ್ ಕೋರುವ ಸೂಚನೆಯ ಸ್ಥಾನದಲ್ಲಿ, ಕೋರಿಕೆಯನ್ನು ತಿರಸ್ಕರಿಸುವ ಸೂಚನೆಯನ್ನು ಸೇರಿಸಲಾಗುತ್ತದೆ. ಆದ್ದರಿಂದ ಬಳಕೆದಾರರು ಸದರಿ ಕಡತವನ್ನು ತಾವೇ ತಂದಿರಿಸಿದರೂ ಚಾಲಕ ತಂತ್ರಾಂಶವು ಅದನ್ನು ಓದುವುದಿಲ್ಲ.

ಟ್ರಿಸ್ಕೆಲ್, ಪ್ಯಾರಾಬೋಲ, ಗ್ನೂ ಗೀಕ್ಸ್ ಮುಂತಾದ ವಿತರಣೆಗಳು ಲಿನಕ್ಸ್-ಲಿಬ್ರೆಯನ್ನು ಬಳಸುತ್ತವೆ.

5. ಡೆಬಿಯನ್ ಅನುಸರಿಸಿದ ವಿಧಾನ

ಡೆಬಿಯನ್ ವಿತರಣೆಯು 2011ರ ಫೆಬ್ರುವರಿಯಲ್ಲಿ ಬಿಡುಗಡೆಯಾದ 6.0 ಆವೃತ್ತಿಯಲ್ಲಿ ಸ್ವಾಮ್ಯದ ಫರ್ಮ್‌ವೇರ್ ಅನ್ನು ಕರ್ನಲ್‌ನಿಂದ ಬೇರ್ಪಡಿಸಿ, ಅಗತ್ಯವುಳ್ಳವರಿಗಾಗಿ ಪ್ರತ್ಯೇಕ ವಿಭಾಗದಲ್ಲಿ ಇರಿಸಿತು. ಇಲ್ಲಿ ಕಡತವನ್ನು ಬೇರ್ಪಡಿಸಲಾಯಿತೇ ಹೊರತು ಅದರ ಬಳಕೆಯನ್ನು ತಡೆಯಲಿಲ್ಲ. ಆದರೆ ನಿಸ್ತಂತು ಜಾಲವನ್ನೇ ಅವಲಂಬಿಸಿದ ಯಂತ್ರಗಳಲ್ಲಿ, ಅಳವಡಿಕೆಯ ವೇಳೆ ಫರ್ಮ್‌ವೇರ್ ಇಲ್ಲದೆ ಜಾಲವಿಲ್ಲ, ಜಾಲವಿಲ್ಲದೆ ಫರ್ಮ್‌ವೇರ್ ಪಡೆಯಲಾಗದು ಎಂಬ ಸ್ಥಿತಿ ಒದಗುತ್ತಿತ್ತು. 2022ರಲ್ಲಿ ಡೆಬಿಯನ್ ಸದಸ್ಯರು ಮತದಾನದ ಮೂಲಕ, ಅಧಿಕೃತ ಅಳವಡಿಕಾ ಮಾಧ್ಯಮದಲ್ಲಿ ಈ ಕಡತಗಳನ್ನು ಸೇರಿಸಲು ತೀರ್ಮಾನಿಸಿದರು. 2023ರ ಜೂನ್‌ನಲ್ಲಿ ಬಿಡುಗಡೆಯಾದ 12ನೇ ಆವೃತ್ತಿಯಿಂದ ಇದು ಜಾರಿಗೆ ಬಂದಿದೆ.

6. ತೆಗೆಯುವುದರಿಂದ ಆಗುವ ಪರಿಣಾಮಗಳು

ಅನುಕೂಲ: ಕರ್ನಲ್ ಮತ್ತು ಅದು ಸಾಧನಗಳಿಗೆ ರವಾನಿಸುವ ತಂತ್ರಾಂಶದ ಪ್ರತಿಯೊಂದು ಭಾಗವನ್ನೂ ಪರಿಶೀಲಿಸಲು, ಸರಿಪಡಿಸಲು ಮತ್ತು ಹಂಚಲು ಬಳಕೆದಾರರಿಗೆ ಅವಕಾಶ ದೊರೆಯುತ್ತದೆ. ತಯಾರಕರು ಸಾಧನಕ್ಕೆ ಬೆಂಬಲ ನಿಲ್ಲಿಸಿದ ನಂತರವೂ ಈ ಹಕ್ಕು ಮುಂದುವರಿಯುತ್ತದೆ.

ಅನಾನುಕೂಲ: ಇಂಟೆಲ್ ಸಂಸ್ಥೆಯ ವೈ-ಫೈ ಸಾಧನಗಳು ಕಡತ ರೂಪದ ಫರ್ಮ್‌ವೇರ್ ಇಲ್ಲದೆ ಕೆಲಸ ಮಾಡುವುದಿಲ್ಲ. ಎ.ಎಂ.ಡಿ. ಸಂಸ್ಥೆಯ ರೇಡಿಯಾನ್ ಗ್ರಾಫಿಕ್ಸ್ ಸಾಧನಗಳಲ್ಲಿ ಮೂರು ಆಯಾಮದ ಚಿತ್ರಗಳ ವೇಗವರ್ಧನೆ ದೊರೆಯುವುದಿಲ್ಲ.

ಸುರಕ್ಷತೆ: 2018ರ ಜನವರಿಯಲ್ಲಿ ‘ಸ್ಪೆಕ್ಟರ್’ ಮತ್ತು ‘ಮೆಲ್ಟ್‌ಡೌನ್’ ಎಂಬ ಸಂಸ್ಕಾರಕ ದೋಷಗಳು ಬಹಿರಂಗಗೊಂಡವು. ಸ್ಪೆಕ್ಟರ್‌ನ ಒಂದು ಬಗೆಯ ಪರಿಹಾರಕ್ಕೆ, ತಯಾರಕರು ನೀಡಿದ ಮೈಕ್ರೋಕೋಡ್ ನವೀಕರಣವೂ ಅಗತ್ಯವಾಯಿತು. ಇದು ಸಹ ಸ್ವಾಮ್ಯದ ತಂತ್ರಾಂಶವಾಗಿರುವುದರಿಂದ ಮೇಲ್ಕಂಡ ಲಿಬ್ರೆ ವಿತರಣೆಗಳು ಇದನ್ನು ಒದಗಿಸುವುದಿಲ್ಲ. ನವೀಕರಣವನ್ನು ಕೈಬಿಟ್ಟ ಮಾತ್ರಕ್ಕೆ ಸಂಸ್ಕಾರಕವು ಸ್ವತಂತ್ರವಾಗುವುದಿಲ್ಲ. ಚಿಪ್‌ನಲ್ಲಿ ಮೊದಲೇ ಇರುವ ಹಳೆಯ ಮೈಕ್ರೋಕೋಡ್ ತನ್ನ ದೋಷಗಳೊಂದಿಗೆ ಮುಂದುವರಿಯುತ್ತದೆ. ಈ ಅಂಶವನ್ನು ಬಳಕೆದಾರರು ವಿಶೇಷವಾಗಿ ಗಮನಿಸತಕ್ಕದ್ದು.

7. ಅಳವಡಿಸುವ ಮುನ್ನ ಅನುಸರಿಸಬೇಕಾದ ಕ್ರಮಗಳು

1) ಯಂತ್ರದಲ್ಲಿರುವ ವೈ-ಫೈ ಮತ್ತು ಗ್ರಾಫಿಕ್ಸ್ ಚಿಪ್‌ಗಳ ತಯಾರಕರ ಹೆಸರು ಹಾಗೂ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.
2) ಹಾರ್ಡ್ ಡಿಸ್ಕ್‌ನಲ್ಲಿ ಅಳವಡಿಸುವ ಮೊದಲು ಪೆನ್ ಡ್ರೈವ್‌ನಿಂದ ಟ್ರಿಸ್ಕೆಲ್‌ನಂತಹ ವಿತರಣೆಯನ್ನು ಚಾಲೂ ಮಾಡಿ, ಜಾಲ ಸಂಪರ್ಕ, ಪರದೆ ಮತ್ತು ಧ್ವನಿಯನ್ನು ಪರೀಕ್ಷಿಸುವುದು.
3) ವೈ-ಫೈ ಕೆಲಸ ಮಾಡದಿದ್ದಲ್ಲಿ ತಂತಿಯ ಸಂಪರ್ಕವನ್ನು ಬಳಸಬಹುದು, ಅಥವಾ ಅಥೆರೋಸ್ ಎ.ಆರ್. 9271 ಚಿಪ್ ಇರುವ ಯು.ಎಸ್.ಬಿ. ಸಾಧನವನ್ನು ಬಳಸಬಹುದು. ಈ ಚಿಪ್‌ನ ಫರ್ಮ್‌ವೇರ್ ಮೂಲ ಸಂಕೇತವನ್ನು 2013ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಗಿದ್ದು, ಇದು ಲಿನಕ್ಸ್-ಲಿಬ್ರೆಯಲ್ಲಿ ಕೆಲಸ ಮಾಡುತ್ತದೆ. ಒಂದೇ ಹೆಸರಿನ ಸಾಧನದಲ್ಲಿ ಬೇರೆ ಚಿಪ್ ಇರುವ ಸಾಧ್ಯತೆಯಿರುವುದರಿಂದ ಖರೀದಿಗೆ ಮೊದಲು ಖಚಿತಪಡಿಸಿಕೊಳ್ಳುವುದು.
4) ಬಳಕೆಯಲ್ಲಿರುವ ವ್ಯವಸ್ಥೆಗೆ ಲಿನಕ್ಸ್-ಲಿಬ್ರೆಯನ್ನು ಸೇರಿಸುವವರು ಹಳೆಯ ಕರ್ನಲ್ ಅನ್ನು ಕೂಡಲೇ ಅಳಿಸತಕ್ಕದ್ದಲ್ಲ. ಎರಡೂ ಇದ್ದಲ್ಲಿ, ಯಂತ್ರ ಚಾಲೂ ಆಗುವಾಗ ಬೇಕಾದುದನ್ನು ಆಯ್ಕೆ ಮಾಡಬಹುದು.
5) ಮೈಕ್ರೋಕೋಡ್ ನವೀಕರಣವನ್ನು ಒಳಗೊಂಡ ಬಯಾಸ್ ಆವೃತ್ತಿಯನ್ನು ಯಂತ್ರದ ತಯಾರಕರು ನೀಡಿರುವರೇ ಎಂದು ಪರಿಶೀಲಿಸಿ, ಅದನ್ನು ಅಳವಡಿಸುವ ಬಗ್ಗೆ ತೀರ್ಮಾನಿಸುವುದು.
6) ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸುವುದು.

ಸೂಚನೆ: ಅರ್ಜಿ ಸಲ್ಲಿಕೆ, ಶುಲ್ಕ ಪಾವತಿ ಮುಂತಾದ ಕೆಲಸಗಳಿಗೆ ಮನೆಯಲ್ಲಿ ಒಂದೇ ಗಣಕಯಂತ್ರ ಇರುವವರು, ಕೊನೆಯ ದಿನಾಂಕ ಸಮೀಪವಿರುವಾಗ ಈ ಬದಲಾವಣೆಯನ್ನು ಕೈಗೊಳ್ಳದಿರುವುದು ಸೂಕ್ತ. ಸ್ವಾಮ್ಯದ ಫರ್ಮ್‌ವೇರ್ ತೆಗೆಯುವುದು ಅಥವಾ ಉಳಿಸಿಕೊಳ್ಳುವುದು ಬಳಕೆದಾರರ ವಿವೇಚನೆಗೆ ಬಿಟ್ಟದ್ದು. ಯಾವ ಕಡತ ಇಲ್ಲವಾಗುತ್ತದೆ ಮತ್ತು ಯಾವ ಸಾಧನ ನಿಲ್ಲುತ್ತದೆ ಎಂಬುದನ್ನು ಮೊದಲೇ ತಿಳಿದು ತೀರ್ಮಾನ ಕೈಗೊಳ್ಳತಕ್ಕದ್ದು.