ಹಳೇ ಪೊಲೀಸ್ ರಿವಾಲ್ವರ್ ಕೊಂಡು ರಿಪೇರಿ ಮಾಡಬಹುದಾ? ಕಾನೂನು ಏನು ಹೇಳುತ್ತೆ, ಆ ಕಾನೂನು ಎಲ್ಲಿಂದ ಬಂತು

‘ಅಣ್ಣಾ, ಬ್ರಿಟಿಷರ ಕಾಲದ್ದು ಒಂದು ಪೊಲೀಸ್ ರಿವಾಲ್ವರ್ ಐತಂತ. ಪೂರ್ತಿ ಜಂಗ್ ಹಿಡದದ. ತಗೊಂಡು ಸ್ವಚ್ಛ ಮಾಡಿ ಶೋಕೇಸ್‌ನಾಗ ಇಟ್ರ ನಡೀತದೇನು?’

ಯಾದಗಿರಿ ತಾಲೂಕಿನ ನಮ್ಮ ಮುದನಾಳದ ಕಡೆ ಹುಡುಗರು ಈ ಪ್ರಶ್ನೆಯನ್ನ ಒಂದಲ್ಲ ಒಂದು ರೂಪದಲ್ಲಿ ನನಗೆ ಕೇಳ್ತಾನೇ ಇರ್ತಾರೆ. ಕೇಳೋರು ರೌಡಿಗಳಲ್ಲ. ಓದಿದವರು, ಇತಿಹಾಸದ ಹುಚ್ಚು ಇರೋರು. ಯೂಟ್ಯೂಬ್‌ನಲ್ಲಿ ಯಾರೋ ವಿದೇಶಿಯ ನೂರು ವರ್ಷದ ರಿವಾಲ್ವರ್ ಬಿಚ್ಚಿ, ತುಕ್ಕು ತೆಗೆದು, ಹೊಳಪು ಕೊಟ್ಟು ಮತ್ತೆ ಜೋಡಿಸೋದನ್ನ ನೋಡಿರ್ತಾರೆ. ಎತ್ತಿನಬಂಡಿ, ಹಳೇ ರೇಡಿಯೋ, ಬುಲೆಟ್ ಬೈಕ್ ರೀಸ್ಟೋರ್ ಮಾಡಿದಂಗೆ ಇದೂ ಒಂದು ಹವ್ಯಾಸ ಅಂದ್ಕೊಂಡಿರ್ತಾರೆ. ಇಲ್ಲಿ ಅದು ಹವ್ಯಾಸ ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಒಂದೇ ಕಡೆ ಬರೆದಿಡೋಣ ಅಂತ ಈ ಟಿಪ್ಪಣಿ.

ಚಿಕ್ಕ ಉತ್ತರ

ಆಗಲ್ಲ. ಪೊಲೀಸರು ಬಳಸುತ್ತಿದ್ದ ಹಳೇ ಸರ್ವಿಸ್ ರಿವಾಲ್ವರ್ ಬಹುಮಟ್ಟಿಗೆ ‘ನಿಷೇಧಿತ ಬೋರ್’ ವರ್ಗಕ್ಕೆ ಸೇರುತ್ತೆ. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಲೈಸೆನ್ಸ್ ಇದ್ದರೂ ಅದನ್ನ ಕೊಳ್ಳೋಕೆ ಬರಲ್ಲ. ಲೈಸೆನ್ಸ್ ಇಲ್ಲದ ಕೈ ಅದನ್ನ ರಿಪೇರಿ ಮಾಡಿದರೆ, ಸುಮ್ಮನೆ ಇಟ್ಟುಕೊಂಡದ್ದಕ್ಕಿಂತ ದೊಡ್ಡ ಅಪರಾಧ ಆಗಬಹುದು.

ಸರ್ವಿಸ್ ರಿವಾಲ್ವರ್ ಅಂದ್ರೆ ಯಾವುದು?

ಬ್ರಿಟಿಷ್ ಸೇನೆ ಮತ್ತು ಪೊಲೀಸ್ ವ್ಯವಸ್ಥೆಯಲ್ಲಿ ಎರಡು ಹೆಸರು ಮುಖ್ಯ. ಒಂದು, ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಕಂಪನಿ ಮಾಡಿದ್ದು. ಇನ್ನೊಂದು, ಲಂಡನ್ ಹತ್ತಿರದ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯದು. ವೆಬ್ಲಿ ಮಾರ್ಕ್ 6 ಅನ್ನೋದು 1915ರಲ್ಲಿ ಸೇನೆಗೆ ಸೇರಿತು. ಅದರ ಬೋರ್ .455, ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಮೊದಲ ಮಹಾಯುದ್ಧದ ನಂತರ, ಇಷ್ಟು ಭಾರದ, ಇಷ್ಟು ಒದೆಯುವ ಆಯುಧದಲ್ಲಿ ಹೊಸಬರಿಗೆ ತರಬೇತಿ ಕೊಡೋದು ಕಷ್ಟ ಅಂತ ಸಣ್ಣ ಬೋರ್‌ಗೆ ಇಳಿದರು. ಹಾಗೆ 1932ರಲ್ಲಿ ಬಂದದ್ದು ಎನ್‌ಫೀಲ್ಡ್ ನಂಬರ್ 2. ಜನ ‘ಪಾಯಿಂಟ್ ತ್ರೀ ಎಯ್ಟ್’ ಅಂತ ಕರೆಯುವ ಅದರ ತೋಟಾಗೆ ಸರ್ಕಾರಿ ಕಾಗದದಲ್ಲಿ .380 ಅಂತ ಹೆಸರು. ವೆಬ್ಲಿಯದೇ ಮಾರ್ಕ್ 4 ಕೂಡ ಇದೇ ತೋಟಾ ಹಾರಿಸುತ್ತಿತ್ತು. ಭಾರತದ ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ಸ್ವಾತಂತ್ರ್ಯದ ನಂತರವೂ ದಶಕಗಟ್ಟಲೆ ಇದ್ದದ್ದು ಇದೇ ವಂಶದ ರಿವಾಲ್ವರ್‌ಗಳು.

ಇವನ್ನ ಗುರುತಿಸೋದು ಸುಲಭ. ಮೇಲಿನ ಚಿಲಕ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ ರಿವಾಲ್ವರ್ ನಡುವಿನಲ್ಲಿ ತೆರೆದುಕೊಳ್ಳುತ್ತೆ. ಅದೇ ಹೊತ್ತಿಗೆ ಆರೂ ಖಾಲಿ ತೋಟಾ ಹೊರಗೆ ಬೀಳುತ್ತವೆ.

ಅದನ್ನ ಯಾಕೆ ಮಾರಲ್ಲ?

ಶಸ್ತ್ರಾಸ್ತ್ರ ಕಾಯ್ದೆ 1959ರದು. ಅದರಡಿ ಈಗ ಜಾರಿಯಲ್ಲಿರೋದು 2016ರ ನಿಯಮಗಳು. ಈ ನಿಯಮಗಳ ಪಟ್ಟಿ ಆಯುಧಗಳನ್ನ ವರ್ಗ ಮಾಡುತ್ತೆ. .380 ಅಥವಾ .455 ರಿಮ್ ಇರುವ ತೋಟಾ ಹಾರಿಸಬಲ್ಲ ಯಾವುದೇ ರಿವಾಲ್ವರ್, ಸರ್ವಿಸ್ 9 ಎಂಎಂ ಪಿಸ್ತೂಲು, .303 ರೈಫಲ್ ಇವೆಲ್ಲ ನಾಗರಿಕರಿಗೆ ಮುಚ್ಚಿದ ವರ್ಗದಲ್ಲಿವೆ. ಕಾಯ್ದೆಯ 7ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಇಂಥವನ್ನ ಹೊಂದುವಂತಿಲ್ಲ. ಜಿಲ್ಲಾಧಿಕಾರಿ ಕೈಯಲ್ಲಿ ಆ ಅಧಿಕಾರವೇ ಇಲ್ಲ.

ಇದರ ಹಿಂದಿನ ತರ್ಕ ಸರಳ. ಸರ್ಕಾರದ ಪಡೆ ಬಳಸುವ ಗುಂಡು ನಾಗರಿಕನ ಆಯುಧಕ್ಕೆ ಹೊಂದಬಾರದು. ಠಾಣೆಯಿಂದ, ಪಡೆಯಿಂದ ಕದ್ದ ಗುಂಡು ಹೊರಗೆ ಕೆಲಸಕ್ಕೆ ಬರಬಾರದು. ಹಾಗಾಗಿ ‘ಪೊಲೀಸ್ ಹರಾಜಿನಲ್ಲಿ ಬಂದದ್ದು, ಪೇಪರ್ ಕ್ಲಿಯರ್ ಐತಿ’ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ, ಒಂದೋ ಅದು ಮೋಸ, ಇಲ್ಲ ಕಳ್ಳಮಾಲು. ಮೂರನೇ ಸಾಧ್ಯತೆ ಹುಡುಕೋಕೆ ಹೋಗಬೇಡಿ.

ಎಲ್ಲ ನಿಂತಿರೋದು ‘ರಿಪೇರಿ’ ಅನ್ನೋ ಪದದ ಮೇಲೆ

‘ಅದು ಹಳೇ ವಸ್ತು, ಗುಂಡು ಹಾರಲ್ಲ, ಕಬ್ಬಿಣದ ತುಂಡು’ ಅನ್ನೋ ವಾದ ಬಹಳ ಜನರ ಬಾಯಲ್ಲಿದೆ. ಕಾನೂನಿನಲ್ಲಿ ಈ ವಾದಕ್ಕೆ ಸಣ್ಣ ಜಾಗ ಇದೆ. 45ನೇ ಕಲಂ ಕೆಲವು ವಸ್ತುಗಳಿಗೆ ಇಡೀ ಕಾಯ್ದೆಯಿಂದ ವಿನಾಯಿತಿ ಕೊಡುತ್ತೆ. ಬಳಕೆ ತಪ್ಪಿದ ಮಾದರಿಯವು, ಪುರಾತನ ಮೌಲ್ಯದವು, ಕೆಟ್ಟು ಹೋದವು ಅದರಲ್ಲಿ ಸೇರಿವೆ. ಆದರೆ ಒಂದು ಷರತ್ತು ಇದೆ. ಆ ಆಯುಧ ಇದ್ದ ಸ್ಥಿತಿಯಲ್ಲಷ್ಟೇ ಅಲ್ಲ, ರಿಪೇರಿ ಮಾಡಿದರೂ ಗುಂಡು ಹಾರಿಸುವಂತಿರಬಾರದು.

ಇದನ್ನ ಎರಡು ಸಲ ಓದಿ. ಕಾನೂನು ವಯಸ್ಸು ಕೇಳ್ತಿಲ್ಲ, ಜಂಗ್ ಎಷ್ಟಿದೆ ಅಂತಲೂ ಕೇಳ್ತಿಲ್ಲ. ‘ಇದನ್ನ ಸರಿ ಮಾಡೋಕೆ ಆಗುತ್ತಾ?’ ಅಂತ ಮಾತ್ರ ಕೇಳ್ತಿದೆ. ಆಗುತ್ತೆ ಅಂದ್ರೆ ಅದು ಇವತ್ತೇ ಬಂದೂಕು. ಅಂದರೆ ರೀಸ್ಟೋರ್ ಮಾಡೋಕೆ ಯೋಗ್ಯವಾದ ಪ್ರತಿಯೊಂದು ರಿವಾಲ್ವರ್ ಕಾನೂನಿನ ಒಳಗಿದೆ. ನೀವು ಅದನ್ನ ಯಶಸ್ವಿಯಾಗಿ ಸರಿಪಡಿಸಿದ ದಿನ, ನಿಮ್ಮ ವಿರುದ್ಧದ ಸಾಕ್ಷಿಯನ್ನ ನೀವೇ ತಯಾರು ಮಾಡಿದಂಗೆ.

ಅಷ್ಟೇ ಅಲ್ಲ. 5ನೇ ಕಲಂ ಬಂದೂಕು ತಯಾರಿಕೆ, ಮಾರಾಟದ ಸಾಲಿನಲ್ಲೇ ರಿಪೇರಿಯನ್ನೂ ಇಟ್ಟಿದೆ. ವ್ಯಾಪಾರವಾಗಿ ರಿಪೇರಿ ಮಾಡೋರಿಗೆ ಬೇರೆಯೇ ಲೈಸೆನ್ಸ್ ಬೇಕು. ಊರಿನ ಕಮ್ಮಾರರ ಹತ್ತಿರ, ಲೇತ್ ಅಂಗಡಿಗೆ ತಗೊಂಡು ಹೋದರೆ ಅವರನ್ನೂ ಕೇಸಿನಲ್ಲಿ ಎಳೆದಂಗೆ. 8ನೇ ಕಲಂ ಬಂದೂಕಿನ ಮೇಲಿನ ತಯಾರಕರ ಹೆಸರು, ನಂಬರ್, ಗುರುತನ್ನ ಅಳಿಸಬಾರದು ಅನ್ನುತ್ತೆ. ಹೊಳಪು ಬರಲಿ ಅಂತ ಬಫಿಂಗ್ ಚಕ್ರಕ್ಕೆ ಹಿಡಿದರೆ ಮೊದಲು ಸವೆಯೋದೇ ಆ ನಂಬರ್.

ಎಷ್ಟು ಶಿಕ್ಷೆ?

2019ರ ತಿದ್ದುಪಡಿ ಶಿಕ್ಷೆಯನ್ನ ಬಿಗಿ ಮಾಡಿತು.

- ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ: ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ.
- ನಿಷೇಧಿತ ವರ್ಗದ ಆಯುಧ ಇಟ್ಟುಕೊಂಡರೆ: ಕನಿಷ್ಠ 7 ವರ್ಷ, 14 ವರ್ಷದವರೆಗೆ.
- 5ನೇ ಕಲಂ ಮೀರಿ ತಯಾರಿಕೆ, ಮಾರಾಟ, ರಿಪೇರಿ: ಕನಿಷ್ಠ 7 ವರ್ಷ, ಜೀವಾವಧಿವರೆಗೆ.

‘ಶೋಕೇಸ್‌ಗೆ ಅಂತ ಇಟ್ಟಿದ್ದೆ’ ಅನ್ನೋದು ಕೋರ್ಟಿನಲ್ಲಿ ನಿಮ್ಮ ಉದ್ದೇಶ ಹೇಳಬಹುದು. ಹೊಂದಿದ್ದೇ ಅಪರಾಧ ಆಗಿರುವಾಗ ಆ ಉದ್ದೇಶ ನಿಮ್ಮನ್ನ ಹೊರಗೆ ತರಲ್ಲ.

ಹಂಗಾದ್ರೆ ಅವರು ಹೆಂಗ ಮಾಡ್ತಾರೆ?

ವಿಡಿಯೋ ಮಾಡೋರ ದೇಶದ ಕಾನೂನು ಬೇರೆ. ಅಮೆರಿಕದ ಫೆಡರಲ್ ಕಾನೂನು 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದನ್ನ ಪುರಾತನ ವಸ್ತು ಅನ್ನುತ್ತೆ. 50 ವರ್ಷ ದಾಟಿದ್ದಕ್ಕೆ ಸಂಗ್ರಾಹಕರ ಪ್ರತ್ಯೇಕ ವರ್ಗವೇ ಇದೆ. ವೆಬ್ಲಿ ಹುಟ್ಟಿದ ಬ್ರಿಟನ್ನಿನ ಕಥೆ ಉಲ್ಟಾ. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದ ಮೇಲೆ 1997ರಲ್ಲಿ ಕೈಬಂದೂಕುಗಳನ್ನ ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿದರು. ಐತಿಹಾಸಿಕ ಮೌಲ್ಯದ ಕೆಲವಕ್ಕೆ ಮಾತ್ರ ಕಟ್ಟುನಿಟ್ಟಿನ ದಾರಿ ಬಿಟ್ಟರು. ಅವರ ವಿಡಿಯೋ ಅವರ ಊರಿಗೆ, ನಮ್ಮ ಕಾಯ್ದೆ ನಮ್ಮ ಊರಿಗೆ.

ಕಾನೂನು ಎಲ್ಲಿಂದ ಬಂತು: ಹಲಗಲಿ, ಕೊಡಗು, ಸುರಪುರ

ಇಲ್ಲಿಂದ ಮುಂದೆ ಇದು ಬರೀ ಕಲಂ ಲೆಕ್ಕ ಅಲ್ಲ, ನಮ್ಮದೇ ಕಥೆ.

1857ರ ಬಂಡಾಯದ ಬೆನ್ನಿಗೇ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂದರು. ನವೆಂಬರ್ ಕೊನೆಗೆ ಸೈನ್ಯ ಊರಿಗೆ ನುಗ್ಗಿತು. ಡಿಸೆಂಬರ್‌ನಲ್ಲಿ 19 ಜನರನ್ನ ಗಲ್ಲಿಗೇರಿಸಿದರು. ಜಡಗ, ಬಾಲ್ಯನ ಹೆಸರು ಲಾವಣಿಯಲ್ಲಿ ಉಳಿಯಿತು.

ಅದೇ ಕಾಲದಲ್ಲಿ ಕೊಡಗಿಗೆ ಸಿಕ್ಕದ್ದು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರ ನಿಷ್ಠೆ ಮೆಚ್ಚಿ ಆ ಕಾಯ್ದೆ ಅವರಿಗೆ ಅನ್ವಯಿಸಲ್ಲ ಅಂತ ಘೋಷಿಸಿದ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ. ಕೇಂದ್ರ ಅದನ್ನ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರ ಬದುಕಿನಲ್ಲಿ ಬಂದೂಕಿಗೆ ಇರುವ ಜಾಗ ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಯುಧದ ನೆನಪು ಇನ್ನೂ ಹಲವರಿಗಿತ್ತು. ಯಾರಿಗೆ ವಿನಾಯಿತಿ, ಯಾರಿಗೆ ಗಲ್ಲು ಅನ್ನೋದನ್ನ ಆವತ್ತು ತೀರ್ಮಾನಿಸಿದ್ದು ಸಂಸ್ಕೃತಿ ಅಲ್ಲ, ನಿಷ್ಠೆ.

ಸುರಪುರ ನಿಜಾಮನ ಸೀಮೆಯೊಳಗಿನ ಸಂಸ್ಥಾನ. ಬಂದೂಕಿನ ಗುರಿಗೆ ಹೆಸರಾದ ಬೇಡರ ನಾಡು. 1705ರಲ್ಲಿ ಪಿಡ್ಡ ನಾಯಕನ ವಾಗಿನಗೇರಾ ಕೋಟೆ ಹಿಡಿಯೋಕೆ ಮುದುಕ ಔರಂಗಜೇಬನೇ ಖುದ್ದಾಗಿ ಬರಬೇಕಾಯ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಅವನನ್ನ ಬಾಲ್ಯದಿಂದ ಬಲ್ಲ, ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಅವನ ಕೊನೆಯನ್ನ ಬರೆದಿದ್ದಾನೆ. ಮದ್ರಾಸ್ ಕಡೆಯ ಚೆಂಗಲ್ಪಟ್ಟು ಕೋಟೆಗೆ ಸೆರೆಯಲ್ಲಿ ಒಯ್ಯುವಾಗ, ಬೆಂಗಾವಲಿನ ಅಧಿಕಾರಿಯ ರಿವಾಲ್ವರ್‌ನಿಂದ ಗುಂಡು ತಗಲಿ ರಾಜ ಸತ್ತ. ತಾನೇ ಹಾರಿಸಿಕೊಂಡ ಅಂತ ಟೇಲರ್. ನಮ್ಮ ಕಡೆ ಅದನ್ನ ನಂಬದವರು ಬಹಳ ಇದ್ದಾರೆ, ಕೊಂದರು ಅಂತಾರೆ. 1860ರಲ್ಲಿ ಸುರಪುರವನ್ನ ನಿಜಾಮನಿಗೆ ಒಪ್ಪಿಸಿದರು.

ಅಂದ್ರೆ ಸುರಪುರದ ಇತಿಹಾಸ ತಿರುಗಿದ್ದೇ ಒಬ್ಬ ಬ್ರಿಟಿಷ್ ಅಧಿಕಾರಿಯ ಸರ್ವಿಸ್ ರಿವಾಲ್ವರ್ ಮುಂದೆ. ಆ ವಸ್ತುವಿನ ಮೇಲೆ ನಮ್ಮ ಹುಡುಗರಿಗೆ ಕುತೂಹಲ ಇರೋದು ತಪ್ಪಲ್ಲ.

1878ರ ಕಾಯ್ದೆ ಲೈಸೆನ್ಸ್ ವ್ಯವಸ್ಥೆಯನ್ನ ದೇಶಕ್ಕೆಲ್ಲ ಗಟ್ಟಿ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಅಹಿಂಸೆಯ ಗಾಂಧೀಜಿಯೇ, ಇಡೀ ದೇಶದ ಕೈಯಿಂದ ಆಯುಧ ಕಿತ್ತ ಈ ಕಾನೂನನ್ನ ಬ್ರಿಟಿಷರ ಅತ್ಯಂತ ಕರಾಳ ಕೆಲಸಗಳ ಸಾಲಿಗೆ ಸೇರಿಸಿದ್ದರು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕೂ ಇತ್ತು. ಆದರೆ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನ ಮೂಲಭೂತ ಹಕ್ಕು ಮಾಡಿ ಅಂದಾಗ ಸಭೆ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಒಳ್ಳೇದಾಯ್ತು ಅಂತಲೇ ನನ್ನ ಅಭಿಪ್ರಾಯ. ಜಾತಿ, ಜಮೀನು, ಪಂಚಾಯಿತಿ ಚುನಾವಣೆ ಅಂತ ಜಗಳ ಇರೋ ಹಳ್ಳಿಯಲ್ಲಿ ಬಂದೂಕು ಮೊದಲು ಸೇರೋದು ಗೌಡರ, ಸಾಹುಕಾರರ ಮನೆಗೆ. ಅದು ಬಡವರ ಕೈಗೆ ಬರಲ್ಲ, ಬಡವರ ಕಡೆ ತಿರುಗುತ್ತೆ.

ಕಾನೂನಿನ ದಾರಿ ಇಲ್ಲವೇ ಇಲ್ಲವಾ?

ಇದೆ, ಆದರೆ ಬೇರೆ ಆಯುಧಕ್ಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆ .32 ಬೋರ್ ರಿವಾಲ್ವರ್ ಮಾಡುತ್ತೆ. ಅದರ ವಿನ್ಯಾಸ ಹಳೇ ವೆಬ್ಲಿಯದೇ ಕುಲದ್ದು. 2014ರಲ್ಲಿ ಬಂದ ‘ನಿರ್ಭೀಕ್’ ಬೆಲೆ ಆಗಲೇ ಸುಮಾರು 1.22 ಲಕ್ಷ ರೂಪಾಯಿ. ಇದಕ್ಕೆ 21 ವರ್ಷ ತುಂಬಿರಬೇಕು, ಸುರಕ್ಷತಾ ತರಬೇತಿ ಪಡೆದಿರಬೇಕು, ಪೊಲೀಸ್ ವರದಿ ಆಗಬೇಕು, ಕಾರಣ ಕೊಡಬೇಕು. ಲೈಸೆನ್ಸ್ ಅವಧಿ 5 ವರ್ಷ. ಒಬ್ಬರಿಗೆ 2ಕ್ಕಿಂತ ಹೆಚ್ಚು ಬಂದೂಕು ಇಲ್ಲ, ವಾರಸುದಾರಿಕೆಯಲ್ಲಿ ಬಂದದ್ದೂ ಆ ಲೆಕ್ಕದಲ್ಲೇ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡೋಕೆ ಆದೇಶ ಬರೋದು ನಿಮಗೆ ಗೊತ್ತೇ ಇದೆ.

ಮನೆಯಲ್ಲೇ ಹಳೇದು ಸಿಕ್ಕರೆ?

ನಿಜಾಮರ ಕಾಲ, ರಜಾಕಾರರ ಗಲಾಟೆ, 1948ರ ಪೊಲೀಸ್ ಕಾರ್ಯಾಚರಣೆ ಎಲ್ಲ ಕಂಡ ಸೀಮೆ ನಮ್ಮದು. ಹಳೇ ವಾಡೆ ಕೆಡವುವಾಗ, ಅಟ್ಟ ಖಾಲಿ ಮಾಡುವಾಗ ಏನಾದರೂ ಸಿಗಬಹುದು. ಆಗ ಇಷ್ಟು ಮಾಡಿ:

1. ಬಿಚ್ಚಬೇಡಿ, ಒರೆಸಬೇಡಿ, ಎಣ್ಣೆ ಹಾಕಬೇಡಿ. ಒಳಗೆ ಗುಂಡು ಇರಬಹುದು.
2. ಫೋಟೋ ಸ್ಟೇಟಸ್‌ಗೆ ಹಾಕಬೇಡಿ.
3. ಅದನ್ನ ಜೇಬಲ್ಲಿ, ಬ್ಯಾಗಲ್ಲಿ ಇಟ್ಟುಕೊಂಡು ಠಾಣೆಗೆ ಹೋಗಬೇಡಿ. ಸಿಕ್ಕ ಜಾಗದಲ್ಲೇ ಬಿಟ್ಟು, ವಕೀಲರ ಜೊತೆ ಲಿಖಿತ ಮಾಹಿತಿ ಕೊಡಿ, ಸ್ವೀಕೃತಿ ಪಡೆಯಿರಿ.
4. ತಾತನ ಲೈಸೆನ್ಸ್ ಕಾಗದ ಇದ್ದರೆ ಹುಡುಕಿ. ಅದು ನಿಮ್ಮ ಲೈಸೆನ್ಸ್ ಆಗಲ್ಲ. ಆದರೆ ಆಯುಧ ಹೇಗೆ ಮನೆಗೆ ಬಂತು ಅನ್ನೋದಕ್ಕೆ ಅದೇ ದೊಡ್ಡ ಆಧಾರ. ಸಾಮಾನ್ಯ ಬೋರ್ ಆಗಿದ್ದರೆ ವಾರಸುದಾರರು ಅರ್ಜಿ ಹಾಕೋಕೆ 2016ರ ನಿಯಮದಲ್ಲಿ ಅವಕಾಶ ಇದೆ.

ನಾವು ಕೇಳಬೇಕಾದ್ದು

ರಿವಾಲ್ವರ್ ಬೇಕು ಅಂತಲ್ಲ, ಅದರ ಇತಿಹಾಸ ಬೇಕು ಅಂತ ಕೇಳೋಣ. ಸಂರಕ್ಷಣೆ ಬೇರೆ, ರೀಸ್ಟೋರ್ ಬೇರೆ. ಸಂಗ್ರಹಾಲಯದವರು ತುಕ್ಕು ಬೆಳೆಯದಂಗೆ ತಡೀತಾರೆ, ಹೊಸ ಹೊಳಪು ಕೊಡಲ್ಲ. ಗುರುತು, ನಂಬರ್, ಗೀರು ಎಲ್ಲ ಹಾಗೇ ಉಳಿಸ್ತಾರೆ, ಯಾಕಂದ್ರೆ ಅವೇ ಆ ವಸ್ತುವಿನ ಕಥೆ. ಮನೆಗಳಲ್ಲಿ ಸಿಕ್ಕವು, ಪೊಲೀಸರು ಬಳಕೆಯಿಂದ ತೆಗೆದವು ಎಲ್ಲವೂ ಕುಲುಮೆಗೆ ಹೋಗಬೇಕಾಗಿಲ್ಲ. ಗುಂಡು ಹಾರದಂಗೆ ಶಾಶ್ವತವಾಗಿ ನಿಷ್ಕ್ರಿಯ ಮಾಡಿ ಕೆಲವನ್ನಾದರೂ ಸುರಪುರದಲ್ಲಿ, ವೆಂಕಟಪ್ಪ ನಾಯಕನ ಹೆಸರಿನ ಒಂದು ಸಾರ್ವಜನಿಕ ಕೋಣೆಯಲ್ಲಿ ಇಡಬಹುದು. ಅದರ ಪಕ್ಕದಲ್ಲಿ ಹಲಗಲಿಯ 19 ಜನರ ಕಥೆಯನ್ನೂ ಬರೆದು ಹಾಕಬಹುದು. ಇದಕ್ಕೆ ಯಾರ ಲೈಸೆನ್ಸೂ ಬೇಡ. ಜಿಲ್ಲಾಡಳಿತಕ್ಕೆ ಮನಸ್ಸಿರಬೇಕು, ನಮಗೆ ಬಿಡದೆ ಕೇಳುವ ಹಟ ಇರಬೇಕು.