ಮದ್ದಿಗೆ ಮಣಿಯದ ಎಚ್‌ಐವಿ: ಮೂರೂವರೆ ದಶಕಗಳ ಹುಡುಕಾಟ

ಎಚ್‌ಐವಿಗೆ ಮೊದಲ ಮದ್ದಾದ ಎಜಡ್‌ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಮಾರ್ಚ್‌ನಲ್ಲಿ. 1989ರ ಹೊತ್ತಿಗೇ ಬ್ರೆಂಡನ್ ಲಾರ್ಡರ್, ಗ್ರಹಾಂ ಡಾರ್ಬಿ ಮತ್ತು ಡಗ್ಲಸ್ ರಿಚ್‌ಮನ್ ಕೆಟ್ಟ ಸುದ್ದಿ ಪ್ರಕಟಿಸಿದರು: ಆರು ತಿಂಗಳಿಗಿಂತ ಹೆಚ್ಚು ಕಾಲ ಅದನ್ನು ತೆಗೆದುಕೊಂಡ ಹಲವರಲ್ಲಿ ವೈರಾಣು ಮದ್ದಿಗೆ ಬಗ್ಗುತ್ತಿರಲಿಲ್ಲ.

ಮದ್ದೇ ವೈರಾಣುವನ್ನು ಬದಲಾಯಿಸುತ್ತದೆ ಎಂದು ಈಗಲೂ ಅನೇಕರು ನಂಬುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ವೈರಾಣುವಿನ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ, ಬರೆದದ್ದನ್ನು ಮತ್ತೆ ಓದಿ ನೋಡದ ನಕಲುಗಾರನಂತೆ. ಸುಮಾರು ಮೂವತ್ತು ಸಾವಿರ ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದೆ. ಎಚ್‌ಐವಿಯ ಇಡೀ ಜೀನೋಮ್ ಹತ್ತು ಸಾವಿರ ಅಕ್ಷರಗಳಷ್ಟು. ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನಕ್ಕೆ ಸಾವಿರ ಕೋಟಿಯಷ್ಟು ವೈರಾಣುಗಳು ಹುಟ್ಟುತ್ತವೆ ಎಂದು ಡೇವಿಡ್ ಹೋ, ಅಲನ್ ಪೆರೆಲ್ಸನ್ ತಂಡ 1996ರಲ್ಲಿ ಅಂದಾಜಿಸಿತು. ಅಂದರೆ ಮದ್ದನ್ನು ಸೋಲಿಸಲು ಒಂದೇ ಅಕ್ಷರದ ಬದಲಾವಣೆ ಸಾಕಾದರೆ, ಮೊದಲ ಮಾತ್ರೆ ನುಂಗುವ ಮುಂಚೆಯೇ ಅಂಥ ವೈರಾಣು ಒಳಗಿರುತ್ತದೆ. ಉಳಿದವು ಸತ್ತಾಗ ಅದು ಬೆಳೆಯುತ್ತದೆ, ಅಷ್ಟೇ.

ಲ್ಯಾಮಿವುಡಿನ್ ಎಂಬ ಮದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಕಿಣ್ವದ 184ನೇ ಸ್ಥಾನದಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಇರುತ್ತದೆ. ಆ ಮದ್ದೊಂದನ್ನೇ ಕೊಟ್ಟರೆ ಕೆಲವೇ ವಾರಗಳಲ್ಲಿ ಅದರ ಜಾಗದಲ್ಲಿ ಮೊದಲು ಐಸೊಲ್ಯೂಸಿನ್ ಕಾಣಿಸುತ್ತದೆ, ಏಕೆಂದರೆ ಆ ಬಗೆಯ ತಪ್ಪು ಹೆಚ್ಚಾಗಿ ಆಗುತ್ತದೆ. ಬಳಿಕ ಇನ್ನೂ ಚುರುಕಾಗಿ ಹೆಚ್ಚುವ ವ್ಯಾಲಿನ್ ರೂಪ ಅದನ್ನು ಹಿಂದಿಕ್ಕುತ್ತದೆ. ಎರಡರ ಕವಲೊಡೆದ ಪಾರ್ಶ್ವ ಸರಪಳಿಯೂ ಮದ್ದಿನ ಅಣುವಿನ ಉಂಗುರಕ್ಕೆ ಅಡ್ಡ ಬಂದು, ಅದು ಒಳಗೆ ಕೂರದಂತೆ ಮಾಡುತ್ತದೆ. ವಿಚಿತ್ರವೆಂದರೆ ಈ ಬದಲಾವಣೆಯಿಂದ ವೈರಾಣು ಸ್ವಲ್ಪ ಬಡವಾಗುತ್ತದೆ, ಎಜಡ್‌ಟಿಗೆ ಮತ್ತೆ ಬಗ್ಗುತ್ತದೆ. ಹಾಗಾಗಿ ವೈದ್ಯರು ಎಷ್ಟೋ ಸಲ ಲ್ಯಾಮಿವುಡಿನ್ ನಿಲ್ಲಿಸುವುದಿಲ್ಲ.

1996ರಿಂದ ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂತು. ಮೂರಕ್ಕೂ ಬೇಕಾದ ಬದಲಾವಣೆಗಳು ಒಂದೇ ವೈರಾಣುವಿನಲ್ಲಿ ಏಕಕಾಲಕ್ಕೆ ಹುಟ್ಟುವುದು ತೀರಾ ಅಪರೂಪ. ಆದರೂ ಕೆಲವರಲ್ಲಿ ವೈರಾಣು ಮದ್ದಿಗೆ ಪ್ರತಿರೋಧ ಗಳಿಸಿತು. ಒಂದು ಕಾರಣ ಸರಳ: ಮಾತ್ರೆ ತಪ್ಪಿದಾಗ ನೆವಿರಪಿನ್‌ನಂಥ ಮದ್ದು ರಕ್ತದಲ್ಲಿ ಹೆಚ್ಚು ದಿನ ಉಳಿಯುತ್ತದೆ, ಜೊತೆಗಾರ ಮದ್ದುಗಳು ಬೇಗ ಕರಗುತ್ತವೆ. ಆಗ ವೈರಾಣು ಎದುರಿಸಬೇಕಾದ್ದು ಒಂದೇ ಮದ್ದು. ನೆವಿರಪಿನ್ ಅನ್ನು ಸೋಲಿಸಲು ಒಂದೇ ಬದಲಾವಣೆ ಸಾಕು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ದೇಶದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿ ತಡೆಯುವ ಮದ್ದುಗಳ ಚಿಕಿತ್ಸೆ) ಶುರುವಾದಾಗ ಬಳಕೆಯಲ್ಲಿದ್ದ ಮುಖ್ಯ ಮದ್ದುಗಳಲ್ಲಿ ಅದೂ ಒಂದು.

2016ರಲ್ಲಿ ಅಲಿಸನ್ ಫೆಡರ್, ಪ್ಲೂನಿ ಪೆನ್ನಿಂಗ್ಸ್ ಮತ್ತಿತರರು 1989ರಿಂದ 2013ರವರೆಗಿನ ರೋಗಿಗಳಿಂದ ಪಡೆದ 6,717 ವೈರಾಣು ಅನುಕ್ರಮಗಳನ್ನು ವಿಶ್ಲೇಷಿಸಿದರು. ದುರ್ಬಲ ಚಿಕಿತ್ಸೆಯ ಕಾಲದಲ್ಲಿ ಒಂದೇ ದೇಹದಲ್ಲಿ ಹಲವು ವಂಶಗಳು ಪ್ರತಿರೋಧ ಗಳಿಸುತ್ತಿದ್ದವು. ಮದ್ದು ಬಲವಾದಂತೆ ಪ್ರತಿರೋಧ ಅಪರೂಪವಾಯಿತು, ಹುಟ್ಟಿದಾಗಲೂ ಒಂದೇ ವಂಶ ಎಲ್ಲವನ್ನೂ ಆವರಿಸತೊಡಗಿತು. ಈ ಕ್ಷೇತ್ರದ ಅತ್ಯಂತ ಚಂದದ ಫಲಿತಾಂಶ ಇದೇ ಎಂದು ನನಗನ್ನಿಸುತ್ತದೆ.

ಈಗಿನ ಮುಖ್ಯ ಮದ್ದು ಡಾಲುಟೆಗ್ರಾವಿರ್ ಸುಲಭಕ್ಕೆ ಸೋಲುವುದಿಲ್ಲ. ಸೋಲುವುದೇ ಇಲ್ಲವೆಂದಲ್ಲ: 2024ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಸಮೀಕ್ಷೆಗಳಲ್ಲಿ, ಅದನ್ನು ತೆಗೆದುಕೊಂಡರೂ ವೈರಾಣು ಹತೋಟಿಗೆ ಬಾರದವರಲ್ಲಿ ಅದಕ್ಕೆ ಪ್ರತಿರೋಧ ಶೇ. 3.9ರಿಂದ 8.6ರಷ್ಟಿತ್ತು. ವೈರಲ್ ಲೋಡ್ (ರಕ್ತದಲ್ಲಿನ ವೈರಾಣು ಪ್ರಮಾಣ) ಹೆಚ್ಚಿರುವಾಗಲೇ ಹಳೆಯ ಮದ್ದಿನಿಂದ ಇದಕ್ಕೆ ಬದಲಾದವರಲ್ಲಿ ಶೇ. 19.6ರವರೆಗೂ ಏರಿತ್ತು. ಎಆರ್‌ಟಿ ಕೇಂದ್ರದಲ್ಲಿ ವೈರಲ್ ಲೋಡ್ ಪರೀಕ್ಷೆ ಉಚಿತ. ಚಿಕಿತ್ಸೆಯಲ್ಲಿರುವವರು ಅದನ್ನು ಕೇಳಿ ಮಾಡಿಸಿಕೊಳ್ಳಿ, ಮಾತ್ರೆ ತಪ್ಪಿದ್ದರೆ ಮುಚ್ಚಿಡದೆ ಹೇಳಿ.